ತನಗೆ ಕಾಣದ ಬೆನ್ನು

ಸಂಜೆಯ ಹೊಲಿಗೆ ತರಗತಿಯ ಟೀಚರ್ ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: "ಐದು ವರ್ಷ ಆದ್ಮೇಲೆ ನೀವು ಏನಾಗಿರ್ತೀರಿ?"

ನನ್ನ ಸರದಿ ಬರುತ್ತದೆಂದು ಗೊತ್ತಿತ್ತು. ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ಆದರೂ ಎದ್ದು ನಿಂತಾಗ ಮಾತು ಪ್ರಶ್ನೆಯಂತೆ ಹೊರಬಿತ್ತು. "ಕಟಿಂಗ್ ಮಾಸ್ಟರ್ ಆಗ್ತೀನಾ?"

"ಅದನ್ನ ನನ್ನ ಕೇಳ್ತೀಯೇನಮ್ಮ?" ಎಂದರು ಟೀಚರ್. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಆದರೆ ಅದು ನಗುವ ವಿಷಯವಾಗಿರಲಿಲ್ಲ. ನಾನು ಹೊಲಿಯುವ ಅಂಗಡಿಯ ಮಾಸ್ಟರು ಈ ವರ್ಷ ಕತ್ತರಿ ಕೆಳಗಿಡುವವರಿದ್ದರು. ಈ ತರಗತಿಯ ಪರೀಕ್ಷೆ ಪಾಸಾದರೆ ಅವರ ಮೇಜು ನನಗೆ ಎಂದು ಯಜಮಾನರು ಹೇಳಿದ್ದರು. ಇಲ್ಲದಿದ್ದರೆ ಹೊರಗಿನವರು ಬರುತ್ತಾರೆ, ನಾನು ಗುಂಡಿ ಹಚ್ಚುತ್ತಾ, ಅಂಚು ಮಡಚುತ್ತಾ ಅದೇ ಮೂಲೆಯಲ್ಲಿರುತ್ತೇನೆ. ಪರೀಕ್ಷೆಗೆ ಒಂದೇ ಕೆಲಸ: ತನ್ನ ಮೈಗೆ ತಾನೇ ಕೋಟು ಹೊಲಿದು, ತೊಟ್ಟು, ಪರೀಕ್ಷಕರ ಮುಂದೆ ನಿಲ್ಲಬೇಕು.

"ಜೋಡಿ ಮಾಡ್ಕೊಳ್ಳಿ, ಒಬ್ಬರ ಅಳತೆ ಇನ್ನೊಬ್ಬರು ತೆಗೀರಿ" ಎಂದರು ಟೀಚರ್. ಕುರ್ಚಿಗಳು ಸರಿದವು. ಎಲ್ಲರೂ ಇಬ್ಬಿಬ್ಬರಾದ ಮೇಲೆ ನಾನು ಉಳಿದಿದ್ದೆ. ಮೂರನೆಯವಳಾಗಿ ಯಾರದ್ದಾದರೂ ಜೊತೆಗೆ ಸೇರಬಹುದಿತ್ತು. ಅವರಿಗೆ ತೊಂದರೆಯಾದೀತು ಎನಿಸಿ, "ನಾನು ಮನೇಲಿ ತೆಗೆಸ್ಕೋತೀನಿ ಟೀಚರ್" ಎಂದುಬಿಟ್ಟೆ.

ಮನೆ ಎಂದರೆ ಒಂದು ಕೋಣೆ. ಅಲ್ಲಿ ಇರುವವಳು ನಾನೊಬ್ಬಳೇ.

ಕನ್ನಡಿಗೆ ಬೆನ್ನು ಕೊಟ್ಟು ನಿಂತೆ. ಟೇಪಿನ ಒಂದು ತುದಿಯನ್ನು ಹೆಗಲಿಗೆ ಪಿನ್ನು ಹಾಕಿ ಸಿಕ್ಕಿಸಿದೆ. ಸಂಖ್ಯೆ ನೋಡಲು ಕತ್ತು ತಿರುಗಿಸಿದರೆ ಹೆಗಲು ಏರುತ್ತಿತ್ತು. ಹೆಗಲು ಇಳಿಸಿದರೆ ಸಂಖ್ಯೆ ಕಾಣುತ್ತಿರಲಿಲ್ಲ. ತಿರುಗಿ ತಿರುಗಿ ಗಾಣದ ಎತ್ತಿನಂತಾದೆ. ಕೊನೆಗೆ ಪೆಟ್ಟಿಗೆಯಿಂದ ಹಳೆಯ ಕೋಟನ್ನು ತೆಗೆದೆ. ಅಕ್ಕ ಮದುವೆಯಾಗಿ ದೂರದ ಊರಿಗೆ ಹೋಗುವ ಮೊದಲು ನನಗೆಂದು ಹೊಲಿದುಕೊಟ್ಟದ್ದು. ಅಕ್ಕನ ಕೈಯಳತೆ ತಪ್ಪುವುದಿಲ್ಲ ಎಂದುಕೊಂಡು ಅದನ್ನೇ ಬಟ್ಟೆಯ ಮೇಲೆ ಹಾಸಿ ಕತ್ತರಿಸಿದೆ. ಗಿರಾಕಿಗಳು ಅಳತೆಗೆ ಹಳೇ ಬಟ್ಟೆ ತಂದರೆ ಮೂಗು ಮುರಿಯುವವಳು ನಾನೇ.

ಕಚ್ಚಾ ಹೊಲಿಗೆ ಹಾಕಿ ಅಂಗಡಿಯಲ್ಲಿ ತೊಟ್ಟು ನೋಡಿದೆ. ಕಾಲರು ಕತ್ತಿನಿಂದ ದೂರ ನಿಂತಿತು. ಬೆನ್ನಿನಲ್ಲಿ ಏನೋ ಓರೆಯಾಗಿ ಎಳೆಯುತ್ತಿತ್ತು.

"ಯಾರ ಕೋಟಮ್ಮ ಅದು?" ಮಾಸ್ಟರು ಮೇಜಿನ ಆಚೆಯಿಂದಲೇ ಕೇಳಿದರು.

"ನಂದೇ, ಮಾಸ್ಟ್ರೇ."

"ಯಾವತ್ತೋ ನಿಂದಾಗಿತ್ತೇನೋ. ಒಬ್ಬಳೇ ಅಳತೆ ತಗೊಂಡ್ಯಾ? ತನ್ನ ಬೆನ್ನು ತನಗೆ ಕಾಣ್ಸುತ್ತೇನೇ ಹುಚ್ಚಿ?"

"ನೀವೇ ಒಂದ್ಸಲ..."

"ನಾನು ಮುಟ್ಟೋ ಹಾಗಿಲ್ಲ. ಪರೀಕ್ಷೆಗೆ ನೋಡೋಕೆ ಬರೋನೇ ನಾನು. ಯಾರನ್ನಾದ್ರೂ ಕೇಳು. ಊರ ತುಂಬಾ ಜನ ಇದ್ದಾರೆ."

ಊರ ತುಂಬಾ ಜನ ಇದ್ದರು, ನಿಜ. ಅಕ್ಕನಿಗೆ ಫೋನ್ ಮಾಡಿ, ಒಂದ್ಸಲ ಬಂದು ಹೋಗ್ತೀಯಾ ಎಂದೆ. ಅತ್ತ ಮಕ್ಕಳ ಗಲಾಟೆ, ಕುಕ್ಕರಿನ ಕೂಗು. "ಈ ವಾರ ಹೇಗೆ ಬರ್ಲೇ? ರಜೆ ಬಂದಾಗ ನೀನೇ ಬಾ. ಆಯ್ತಾ? ಊಟ ಸರಿಯಾಗಿ ಮಾಡ್ತಿದ್ದೀಯಾ?" ಎಂದಳು. ಮಾಡುತ್ತಿದ್ದೇನೆ ಎಂದೆ. ಪರೀಕ್ಷೆ ಈ ವಾರವೇ ಎಂದು ಹೇಳುವಷ್ಟರಲ್ಲಿ ಯಾರೋ ಬಿದ್ದು ಅತ್ತರು, ಅವಳು ಓಡಿದಳು.

ಅಂಗಡಿಯ ಹಲಗೆ ಗೋಡೆಯ ಆಚೆ ಇಸ್ತ್ರಿ ಮಾಡುವ ಹೆಂಗಸು ಇದ್ದಳು. ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಇಷ್ಟು ವರ್ಷಗಳಲ್ಲಿ ನಾನು ಅವಳೊಡನೆ ಆಡಿದ ಮಾತು ಒಂದೇ: "ಇದು ಅರ್ಜೆಂಟು." ಮರುದಿನ ಟೇಪನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡು ಅವಳ ಬಾಗಿಲಲ್ಲಿ ನಿಂತೆ. ಬೇಡ ಅಂದುಬಿಟ್ಟರೆ ದಿನಾ ಅವಳ ಮುಖ ಹೇಗೆ ನೋಡುವುದು?

"ಏನೇ? ಯಾರ ಶರ್ಟು ಸುಟ್ಟೆ ನಾನು?"

"ಇಲ್ಲಕ್ಕ. ನನ್ನ... ಬೆನ್ನಿನ ಅಳತೆ ಬೇಕಿತ್ತು."

"ಅಷ್ಟೇನಾ! ನಿನ್ನ ಮುಖ ನೋಡಿ ಅಂಗಡಿನೇ ಮುಚ್ತಾರೆ ಅನ್ಕೊಂಡೆ. ತಿರುಗು."

ಇಸ್ತ್ರಿಯ ಬಿಸಿ ಅವಳ ಬೆರಳುಗಳಲ್ಲಿ ಇನ್ನೂ ಇತ್ತು. ಹೆಗಲಿನ ಮೇಲೆ ಅವು ಕೂತಾಗ ನಾನು ಉಸಿರು ಬಿಗಿಹಿಡಿದೆ. ಯಾರಾದರೂ ನನ್ನ ಬೆನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ.

"ಉಸಿರು ಬಿಡೇ! ಹಿಡ್ಕೊಂಡ್ರೆ ಅಳತೆ ಸಿಗುತ್ತಾ? ಅಯ್ಯೋ, ನಿನ್ನ ಎಡಗಡೆ ಹೆಗಲು ಇಳಿದುಹೋಗಿದೆಯಲ್ಲೇ. ಮೆಷಿನ್ ಮೇಲೆ ಬಗ್ಗಿ ಬಗ್ಗಿ ಹೀಗಾಗಿದೆ. ಮನೇಲಿ ಯಾರೂ ಹೇಳ್ಲಿಲ್ವಾ?"

"ಮನೇಲಿ ಯಾರೂ ಇಲ್ಲಕ್ಕ."

ಅವಳು ಅಂಗೈಯಿಂದ ನನ್ನ ಬೆನ್ನನ್ನು ಒಮ್ಮೆ ಸವರಿದಳು, ಅಂಗಿಯ ಸುಕ್ಕು ತೆಗೆಯುವ ಹಾಗೆ. ಆಮೇಲೆ ಸಂಖ್ಯೆಗಳನ್ನು ಜೋರಾಗಿ ಓದಿದಳು.

ಹೊಲಿಗೆ ಪೂರ್ತಿ ಬಿಚ್ಚಿದೆ. ಹೆದರಿಕೆಯ ಸ್ವಭಾವದವಳಾದ್ದರಿಂದ ಯಾವಾಗಲೂ ಹೊಲಿಗೆಯ ಒಳಗಡೆ ಬೇಕಾದ್ದಕ್ಕಿಂತ ಹೆಚ್ಚು ಬಟ್ಟೆ ಬಿಡುತ್ತೇನೆ; ಅದಕ್ಕೇ ಬೈಸಿಕೊಂಡದ್ದೂ ಇದೆ. ಈ ಸಲ ಅದೇ ಕೈಹಿಡಿಯಿತು. ಬಲಕ್ಕೆ ಬಿಟ್ಟು, ಎಡಕ್ಕೆ ಇಳಿಸಿ, ಹೆಗಲು ಎರಡನ್ನೂ ಬೇರೆ ಬೇರೆಯಾಗಿ ಕೂರಿಸಿದೆ.

ಪರೀಕ್ಷೆಯ ಸಂಜೆ ಮಾಸ್ಟರು ನನ್ನ ಸುತ್ತ ನಿಧಾನವಾಗಿ ಬಂದರು. ಕಾಲರಿನ ಕೆಳಗೆ ಬೆರಳು ತೂರಿಸಲು ನೋಡಿದರು, ತೂರಲಿಲ್ಲ; ಕಾಲರು ಈಗ ಕತ್ತಿಗೆ ಸರಿಯಾಗಿ ಕೂತಿತ್ತು. "ಅಳತೆ ತೆಗೆದೋರು ಯಾರು?"

"ಇಸ್ತ್ರಿಯಕ್ಕ."

"ಹ್ಞೂಂ. ನಾಳೆಯಿಂದ ನನ್ನ ಮೇಜಿನ ಹತ್ರ ನಿಂತು ನೋಡ್ಕೋ. ಕತ್ತರಿ ಮಾತ್ರ ನಂದನ್ನ ಮುಟ್ಟಬೇಡ, ನಿಂದೇ ತಂದ್ಕೋ."

ಕೋಟು ಬಿಚ್ಚದೆಯೇ ಹೊರಟೆ. ಜೋಡಿ ಜೋಡಿಯಾಗಿ ಎಲ್ಲರೂ ಮೆಟ್ಟಿಲಿಳಿದು ಹೋದರು. ಮನೆಯ ದಾರಿ ಬಿಟ್ಟು ಅಂಗಡಿಯ ಕಡೆ ನಡೆದೆ. ಇಸ್ತ್ರಿಯಕ್ಕನ ಬಾಗಿಲಿಗೆ ಬೀಗ ಬಿದ್ದಿತ್ತು. ಅವಳ ಮನೆ ಎಲ್ಲಿ, ಅವಳ ಹೆಸರೇನು, ನಾನು ಕೇಳಿರಲೇ ಇಲ್ಲ.

ಬಾಗಿಲಿನ ಗಾಜಿನಲ್ಲಿ ಕೋಟಿನ ಮುಂಭಾಗ ಕಂಡಿತು. ಹಿಂದೆ ಹೇಗಿದೆಯೋ ನೋಡಲು ಕತ್ತು ತಿರುಗಿಸಹೋದೆ, ಹೆಗಲು ಏರಿತು. ಬಿಟ್ಟೆ.

ಐದು ವರ್ಷದ ಮಾತು ಹಾಗಿರಲಿ. ಬೆಳಗ್ಗೆ ಇದನ್ನೇ ತೊಟ್ಟುಕೊಂಡು, ಅವಳು ಇಸ್ತ್ರಿ ಕಾಯಿಸುವ ಮೊದಲೇ ಬಂದು ಇಲ್ಲಿ ನಿಂತಿರಬೇಕು ಎಂದುಕೊಂಡೆ.