ರಾಕ್ಷಸಿಗೆ ಅವ್ವನ ಕೈ

“ಆರು ಬೆಳ್ಳು ಬಂದವೆ. ಕಣ್ಣು ಕಿತ್ತೋಗಿತ್ತೇನೆ ಮುಂಡೆ? ನಿಮ್ ಕಾಲೋನೀಲಿ ಐದ್ರಗಂಟ ಎಣ್ಸೋದೂ ಕಲ್ಸಿಲ್ವಾ?”

ಅನಂತರಾಜು ನನ್ನ ಕುರ್ಚಿಯನ್ನು ಬೂಟಿನಿಂದ ಒದ್ದ. ಬಿಡದಿಯಲ್ಲಿ ಅವನದೊಂದು ಸ್ಟುಡಿಯೋ. ಸಿನಿಮಾದವರಿಗೆ, ಗೇಮಿನವರಿಗೆ ಅರಮನೆ ಹೇಗಿರಬೇಕು, ರಾಕ್ಷಸರು ಹೇಗಿರಬೇಕು ಎಂದು ಮೊದಲೇ ಚಿತ್ರ ಮಾಡಿಕೊಡುವುದು ಕಸುಬು. ಮೊದಲು ನಾನು ಬರೆಯುತ್ತಿದ್ದೆ. ನನ್ನ ಮುನ್ನೂರು ಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿದ ಮೇಲೆ ಎಐ ಬರೆಯತೊಡಗಿತು. ಅದು ತಪ್ಪಿದ ಬೆರಳು ತಿದ್ದುವ ಕೂಲಿ ನನಗೆ ಉಳಿಯಿತು. ಚೈತ್ರಾ ಎಂಬ ನನ್ನ ಹೆಸರು ಇವತ್ತಿಗೂ ಒಂದು ಚಿತ್ರದ ಕೆಳಗೂ ಬಂದಿಲ್ಲ.

“ಗೇಮಿನೋರು ಕ್ಯಾಕರ್ಸಿ ಉಗೀತಾವ್ರೆ,” ಅಂದ. “ರಾಕ್ಷಸಿ ಕೈ ಬ್ಯೂಟಿ ಪಾರ್ಲರ್ ಕೈ ಇದ್ದಂಗೈತಂತೆ. ನಿಮ್ಮವ್ವ ರಾಮನಗರದಲ್ಲಿ ರೇಷ್ಮೆ ನೂಲು ತೆಗೀತಾಳಲ್ವಾ? ಅವಳ ಕೈ ನೋಡಿವ್ನಿ. ಕರ್ಕೊಂಬಾ. ಟೈಟಲಲ್ಲಿ ನಿನ್ ಹೆಸ್ರು ಹಾಕುಸ್ತೀನಿ.”

ಹೆಸರು ಅಂದನಲ್ಲ, ಬಾಯಿ ಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು. ರಾಕ್ಷಸಿಯ ಮಾತನ್ನು ಅವ್ವನಿಗೆ ಹೇಳಲೇ ಇಲ್ಲ. ಫೋಟೊ ತೆಗೆಯುತ್ತಾರಂತೆ ಬಾ ಅಂದೆ, ಅಷ್ಟೆ.

ಅವ್ವ ಬೈರಮ್ಮ ಅರ್ಧ ದಿನದ ಕೆಲಸ ಬಿಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಮದುವೆಗಳಿಗೆ ಉಡುವ ಸೀರೆಯಲ್ಲಿ ಬಂದಳು. ಮೂವತ್ತು ವರ್ಷ ರೇಷ್ಮೆಗೂಡು ಬೇಯುವ ನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕಿದವಳು. ಬೆರಳ ತುದಿಗಳು ಬೆಳ್ಳಗೆ ಊದಿ, ಸಿಪ್ಪೆ ಎದ್ದು, ಉಗುರುಗಳು ಸೀಳಿಹೋಗಿದ್ದವು.

“ಅಲ್ಲೇ ನಿಂತ್ಕೊ. ಕುರ್ಚಿ ಮುಟ್ಬ್ಯಾಡ, ಹುಳದ ನಾತ ಬುಡಲ್ಲ,” ಅಂದ ಅನಂತರಾಜು. “ಕೈ ಚಾಚು. ಹಲ್ಲು ಕಿರಿ. ಮಗ ತಿನ್ನೋಳಂಗೆ ಮಾಡು.”

ಅವ್ವನಿಗೆ ಗೊತ್ತಿದ್ದದ್ದು ಫೋಟೊಕ್ಕೆ ನಗುವುದೊಂದೇ. ನಕ್ಕಳು.

“ನಗಕ್ಕೆ ಕರೆಸಿದ್ನಾ? ನಿನ್ ಗಂಡ ಕಕ್ಕಸು ಗುಂಡಿಗಿಳ್ದು ಸತ್ನಂತಲ್ಲ. ಎಷ್ಟೊತ್ತಿಗೆ ಎತ್ತುದ್ರು ಹೆಣವ?”

ಅವ್ವನ ಬಾಯಿ ಸೊಟ್ಟಗಾಯಿತು. ಕ್ಯಾಮೆರಾ ಕ್ಲಿಕ್ಕೆಂದಿತು.

ಆಮೇಲೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದ. ಮೂರು ಸಲ ಒತ್ತಿದರೂ ಮಸಿಯ ಮುದ್ದೆ ಬಿತ್ತೇ ಹೊರತು ಗೆರೆ ಮೂಡಲಿಲ್ಲ. ಗೆರೆಗಳೆಲ್ಲ ಬಿಸಿನೀರಿನಲ್ಲಿ ಕರಗಿಹೋಗಿ ಎಷ್ಟೋ ವರ್ಷವಾಗಿತ್ತು. ರೇಷನ್ ಅಂಗಡಿಯ ಮಿಷಿನ್ನೂ ಅವಳನ್ನು ಗುರುತು ಹಿಡಿಯುವುದಿಲ್ಲ.

“ದರಿದ್ರದ್ದು. ನೀನೇ ಹಾಕು ಸೈನು,” ಎಂದು ಕಾಗದವನ್ನು ನನ್ನ ಕಡೆ ಎಸೆದ.

ಅಷ್ಟರಲ್ಲಿ ಪ್ರೊಜೆಕ್ಟರಿನಿಂದ ಎದುರಿನ ಬಿಳಿ ಗೋಡೆಯ ಮೇಲೆ, ಆ ಫೋಟೊ ಉಂಡು ಎಐ ಬರೆದ ರಾಕ್ಷಸಿ ಮೂಡಿದಳು. ಸಿಪ್ಪೆ ಎದ್ದ ಕೈಯಲ್ಲಿ ಎಳೆಗೂಸು, ಬಾಯ ತುಂಬ ರಕ್ತ, ಮುಖ ಅವ್ವನದು. ಸ್ಟುಡಿಯೋದವರೆಲ್ಲ ಕೇಕೆ ಹಾಕಿ ನಕ್ಕರು.

ಅವ್ವ ಗೋಡೆಯ ಹತ್ತಿರ ಹೋಗಿ ನೋಡಿದಳು. “ನಾನೇನವ್ವ ಅದು?”

“ಹೂಂ.”

“ಮಗಾನ ತಿಂತಾವ್ಳಲ್ಲೇ.”

ಸೈನಿನ ಜಾಗದಲ್ಲಿ ‘ಒಪ್ಪಿಲ್ಲ’ ಎಂದು ಬರೆದು ಕೊಟ್ಟೆ.

ಅನಂತರಾಜು ಓದಿ ನಕ್ಕ. “ಬರ್ಕೊ. ಫೈಲು ಆಗ್ಲೇ ಹೋಯ್ತು. ನಿಮ್ಮವ್ವ ಮಿಷಿನ್ ಒಳಗೆ ಕುಂತಾಯ್ತು ಕಣೆ. ಇನ್ ಕರ್ದಾಗೆಲ್ಲ ಬತ್ತಾಳೆ.” ಕಂಪ್ಯೂಟರಿನ ಒಂದು ಕೀ ಒತ್ತಿದ. ಗೋಡೆಯ ಮೇಲೆ ಇಪ್ಪತ್ತು ರಾಕ್ಷಸಿಯರು ಸಾಲಾಗಿ ನಿಂತರು. ಇಪ್ಪತ್ತಕ್ಕೂ ಅವ್ವನ ಮುಖ.

“ಏನ್ ಬರ್ದೆ ಅದ್ರಲ್ಲಿ?” ಓದು ಬಾರದ ಅವ್ವ ಕೇಳಿದಳು.

“ಒಪ್ಪಿಲ್ಲ ಅಂತ.”

“ಪೇಪರಲ್ಲಿ ಬರುದ್ರೆ ಯಾರ್ ಓದಾರು? ಅಲ್ ಬರಿ.” ಗೋಡೆ ತೋರಿಸಿದಳು. “ದಪ್ಪಗ್ ಬರಿ.”

ಕಪ್ಪು ಮಾರ್ಕರ್ ಎತ್ತಿಕೊಂಡು ಗೋಡೆಯ ಹತ್ತಿರ ಹೋದೆ. ಮೊದಲ ಅಕ್ಷರ ಮುಗಿಯುವಷ್ಟರಲ್ಲಿ ಅನಂತರಾಜು ಓಡಿಬಂದು ನನ್ನ ಜಡೆ ಹಿಡಿದೆಳೆದ. ಅವ್ವ ನಡುವೆ ನುಗ್ಗಿ ಅವನ ಮಣಿಕಟ್ಟು ಹಿಡಿದಳು. ಅವನು ಬೈದ, ಕೊಸರಿದ, ಬಿಡಿಸಿಕೊಳ್ಳಲಾಗಲಿಲ್ಲ.

“ನೀನ್ ಬರಿಯವ್ವ,” ಅಂದಳು.