ಮನೆಗಾಡಿಯ ಡ್ರಮ್ಮು

ಮೂರನೇ ದಿನ ಬೆಳಿಗ್ಗೆ ಕಣ್ಣು ಬಿಟ್ಟವಳೇ ಪಂಪಾವತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಮೇಲೆ ಪಕ್ಕದಲ್ಲಿ ಮಲಗಿದ್ದ ಮಗಳು ಭಾಗ್ಯಳ ಮೂಗಿಗೂ ಅದೇ ಸೆರಗಿನ ತುದಿ ಹಿಡಿದಳು. ನಾಲ್ಕು ವರ್ಷದ ಕೂಸು ನಿದ್ದೆಗಣ್ಣಲ್ಲೇ ಮುಖ ಸಿಂಡರಿಸಿ, "ಅವ್ವ, ಗಾಡಿ ಹೂಸು ಬಿಟ್ಟೈತಿ" ಅಂದಿತು.

ಹೂಸಾಗಿದ್ದರೆ ಗಾಳಿಗೆ ಹೋಗುತ್ತಿತ್ತು. ಗಾಡಿಯ ಹೊಟ್ಟೆಯೊಳಗೆ ಮೂವರ ಎರಡು ದಿನದ್ದು ತುಂಬಿ ಕೂತಿತ್ತು.

ಪಂಪಾವತಿಯ ಗಂಡ ಮಾಲತೇಶ್ ಗಾದಿಗನೂರಿನ ಹತ್ತಿರ ಟಿಪ್ಪರ್ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್. ಶೆಡ್ಡಿನ ಸಾಹುಕಾರ ನಾಗೇಂದ್ರಪ್ಪ ಹರಾಜಿನಲ್ಲಿ ಒಂದು ಹಳೇ ಶಾಲೆ ಬಸ್ಸು ಹಿಡಿದು, ಹಂಪಿ ನೋಡಲು ಬರುವವರಿಗೆ ಬಾಡಿಗೆಗೆ ಬಿಡೋಣ ಅಂತ ಅದರೊಳಗೊಂದು ಮನೆ ಮಾಡಿಸಿದ್ದ. ಎರಡು ಹಾಸಿಗೆ, ಒಂದು ಗ್ಯಾಸ್ ಒಲೆ, ಕೈ ತೊಳೆಯುವ ಬೋಗುಣಿ, ಹಿಂದುಗಡೆ ತಗಡಿನ ಗೂಡಿನಲ್ಲಿ ಕುರ್ಚಿಯಂಥ ಕಮೋಡು. ಬಾಡಿಗೆಗೆ ಬಿಡುವ ಮುಂಚೆ ಮೂರು ದಿನ ಹೆಂಡತಿ ಮಕ್ಕಳ ಜೊತೆ ತಿರುಗಾಡಿ ನೋಡು, ಎಲ್ಲಿ ನಟ್ಟು ಸಡಿಲಾಗುತ್ತದೋ ತಿಳಿಯುತ್ತದೆ, ಸೋಮವಾರ ತೊಳೆದು ತಂದು ನಿಲ್ಲಿಸು ಅಂತ ಸಾಹುಕಾರ ಬೀಗದಕೈ ಕೊಟ್ಟ. ಮಾಲತೇಶ್ ಅದನ್ನು ಬೆರಳಲ್ಲಿ ತಿರುಗಿಸುತ್ತ ಮನೆಗೆ ಬಂದಾಗ ಮದುಮಗನ ಕಳೆ ಇತ್ತು. ಸಂಡೂರು, ಹಂಪಿ, ಕಂಪ್ಲಿ ನೋಡಿಕೊಂಡು ಕೊನೆಗೆ ಮೆಟ್ರಿಗೆ ಹೋಗೋಣ ಅಂದ. ಮೆಟ್ರಿ ಪಂಪಾವತಿಯ ತವರು. ದೀಪಾವಳಿಯಿಂದ ಈಚೆ ಅವಳು ಆ ಕಡೆ ಹೋಗಿರಲಿಲ್ಲ. ಆ ಒಂದು ಹೆಸರಿಗೆ ಅವಳು ಗಾಡಿ ಹತ್ತಿದಳು.

ಹತ್ತಿದ ಗಳಿಗೆಯಿಂದ ಅವಳಿಗೆ ಹೇಸಿಗೆ. ಗಾದಿಗನೂರಿನ ಮನೆಯಲ್ಲಿ ಪಾಯಖಾನೆ ಹಿತ್ತಲ ಮೂಲೆಗಿತ್ತು, ಒಲೆಗೂ ಅದಕ್ಕೂ ನಡುವೆ ಇಪ್ಪತ್ತು ಹೆಜ್ಜೆ, ಒಂದು ನುಗ್ಗೆ ಮರ. ಇಲ್ಲಿ ಒಲೆ ಮುಂದೆ ನಿಂತು ಕೈ ಚಾಚಿದರೆ ಆ ಗೂಡಿನ ಬಾಗಿಲು ಸಿಗುತ್ತಿತ್ತು. ಅನ್ನಕ್ಕೆ ಎಸರಿಟ್ಟಾಗ ಗಂಡ ಒಳಗೆ ಹೋಗಿ ಕೂತರೆ ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ಸಿಟಿ ಮಂದಿ ಇದಕ್ಕೇ ರೊಕ್ಕ ಕೊಟ್ಟು ಬರುತ್ತಾರೆ ಅಂತ ಅವನು ಒಳಗಿನಿಂದಲೇ ಹೇಳಿದ.

ಕೂಸಿಗಂತೂ ಅದು ಹತ್ತಲೇ ಇಲ್ಲ. ಕೂತರೆ ಕಾಲು ಗಾಳಿಯಲ್ಲಿ ಜೋತಾಡುತ್ತಿದ್ದವು, ಕೆಳಗೆ ಕತ್ತಲ ತೂತು. ಪಂಪಾವತಿ ಎರಡೂ ಕೈ ಹಿಡಿದು ಕತೆ ಹೇಳಿದಳು, ಹಾಡಿದಳು. ಭಾಗ್ಯ ಉಚ್ಚೆಯನ್ನಷ್ಟೇ ಹೊಯ್ದು, ಇನ್ನೊಂದನ್ನು ಎರಡು ದಿನದಿಂದ ಹಿಡಿದುಕೊಂಡು ಕೂತಿದ್ದಳು.

ಕಮೋಡಿನ ಕೆಳಗಿದ್ದ ಡ್ರಮ್ಮು ಎಂಬತ್ತು ಲೀಟರಿನದು. ಕಾಲಲ್ಲಿ ಒಂದು ಪೆಡಲು ಒತ್ತಿದರೆ ಅರ್ಧ ಲೋಟದಷ್ಟು ನೀರು ಚಿಮ್ಮುತ್ತಿತ್ತು, ಆ ಲೆಕ್ಕದಲ್ಲಿ ವಾರ ಬರಬೇಕು. ಆದರೆ ಆ ಲೆಕ್ಕ ಹಾಕಿದವರು ಕಾಗದದಲ್ಲಿ ಒರೆಸಿಕೊಳ್ಳುವವರು. ಇವರದು ಹೋಗುವ ಮುಂಚೆ ಒಂದು ಚೊಂಬು, ಆಮೇಲೆ ಅರ್ಧ ಬಕೆಟ್ಟು, ಎದ್ದು ಬರುವಾಗ ಕಣ್ಣಿಗೆ ಚೊಕ್ಕ ಕಾಣಲಿ ಅಂತ ಇನ್ನರ್ಧ ಬಕೆಟ್ಟು. ಮೊದಲನೇ ದಿನ ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳ ಹಿಂದೆ ಹೋಗಿ ಮೈಯೆಲ್ಲ ಕೆಂಪಾದಾಗ ಮೂವರೂ ಕಮೋಡಿನೊಳಗೇ ಕಾಲು ತೊಳೆದರು. ಎರಡನೇ ದಿನ ಸಂಜೆ ಹಂಪಿಯಲ್ಲಿ ಗೂಡಿನ ಮೇಲಿನ ಕೆಂಪು ದೀಪ ಹತ್ತಿತು. ಡ್ರಮ್ಮು ತುಂಬಿತ್ತು.

ಗಾಡಿ ನಿಲ್ಲಿಸಿದ್ದ ಬಯಲಿನ ಕಾವಲುಗಾರ ಮೂಗು ಹಿಡಿದುಕೊಂಡೇ ಇವರನ್ನು ಎಬ್ಬಿಸಿ ಕಳಿಸಿದ. ಹೊಸಪೇಟೆಗೆ ಹಿಂದಿರುಗಿ ಒಂದು ಪೆಟ್ರೋಲ್ ಬಂಕಿನಲ್ಲಿ ಕೇಳಿದರೆ, ಇಲ್ಲಿ ಹಾಕುವುದಕ್ಕೆ ಎಣ್ಣೆ ಮಾತ್ರ ಇದೆ, ತೆಗೆದುಕೊಳ್ಳುವುದಕ್ಕೆ ಏನೂ ಇಲ್ಲ ಅಂದರು. ರಾತ್ರಿ ಅದರ ಮೇಲೇ ಮಲಗಿ ಎದ್ದರು.

ಮೂರನೇ ದಿನದ ಕಂಪ್ಲಿ ದಾರಿಯಲ್ಲಿ ರಸ್ತೆಯುಬ್ಬುಗಳು ಒಂದರ ಹಿಂದೊಂದು. ಮೂರನೆಯ ಉಬ್ಬಿಗೆ ಕಮೋಡಿನ ಮುಚ್ಚಳ ತಾನಾಗಿ ಎದ್ದು ಕೂತಿತು. ಹಳದಿ ನೀರು ತಗಡಿನ ಮೇಲೆ ಹರಿದು, ಬಾಗಿಲ ಸಂದಿಯಿಂದ ಈಚೆ ಬಂದು, ಅಕ್ಕಿ ಡಬ್ಬಿಯ ಬುಡಕ್ಕೆ ನಿಂತಿತು. ಪಂಪಾವತಿ ಗಾಡಿ ನಿಲ್ಲಿಸಿ ಅಂದಳು. ಡಬ್ಬಿ ಸಮೇತ ಅಕ್ಕಿಯನ್ನು ಮುಳ್ಳುಕಂಟಿಗೆ ಎಸೆದಳು. ಫಿನಾಯಿಲು ಸುರಿದು ತಿಕ್ಕಿದಳು. ತಿಕ್ಕುವಾಗ ಎರಡು ಸಲ ಓಕರಿಕೆ ಬಂತು, ಎರಡು ಸಲವೂ ಕೂಸು ಬಂದು ಬೆನ್ನು ಸವರಿತು.

ಆಗ ಮಾಲತೇಶ್ ದಾರಿ ಪಕ್ಕದಲ್ಲಿ ತುಂಬಿ ಹರಿಯುತ್ತಿದ್ದ ಕಾಲುವೆಯ ಕಡೆ ಗದ್ದ ಎತ್ತಿ ತೋರಿಸಿದ. ಡ್ರಮ್ಮಿಗೆ ಅವನೇ ನೀರಿನ ಟ್ಯಾಂಕರಿನ ವಾಲ್ವು ಕೂರಿಸಿದ್ದ, ಶೆಡ್ಡಿನಲ್ಲಿ ಅವನಿಗೆ ಗೊತ್ತಿದ್ದ ವಾಲ್ವು ಅದೊಂದೇ. ಹಿಡಿ ಎಳೆದರೆ ಎರಡು ನಿಮಿಷದ ಕೆಲಸ.

"ಆ ನೀರು ಮೆಟ್ರಿಗೆ ಹೋಗತೈತ್ರಿ" ಅಂದಳು ಪಂಪಾವತಿ. "ನಮ್ಮವ್ವ ಅದನ್ನ ಕುಡೀತಾಳ."

ಅದು ಅವನಿಗೆ ಗೊತ್ತಿಲ್ಲದ್ದಲ್ಲ. ಮೆಟ್ರಿಯಲ್ಲಿ ನೀರು ಸೋಸುವ ಮಷಿನ್ನು ಬಂದು ಎಷ್ಟೋ ವರ್ಷವಾಗಿತ್ತು. ಆದರೆ ಅವಳ ತಾಯಿ ಎರ್ರೆಮ್ಮನಿಗೆ ಆ ನೀರು ಸಪ್ಪೆ. ಇವತ್ತಿಗೂ ಕಾಲುವೆ ಮೆಟ್ಟಿಲಿಳಿದು, ಕೊಡದ ಬಾಯಿಗೆ ಹಳೇ ಪಂಚೆ ಕಟ್ಟಿ ಸೋಸಿ ತಂದು, ಸ್ಫಟಿಕ ಆಡಿಸಿ ಇಡುತ್ತಿದ್ದಳು. ಮಕ್ಕಳನ್ನು ಬೆಳೆಸಿದ ನೀರು ಅಂತ ಅದಕ್ಕೊಂದು ಮರ್ಯಾದೆ.

"ಹರಿಯೋ ನೀರಿಗೆ ಎಲ್ಲಿ ಮೈಲಿಗಿ?"

"ಬ್ಯಾಡ ಅಂದ್ರ ಬ್ಯಾಡ. ಅಪ್ಪನ ಹೊಲದಾಗ ಗುಂಡಿ ತೋಡಿ ಹುಗಿಯೋಣ."

"ಮಾವನ ಮನಿಗಿ ಇದನ್ನ ಹೊತಗೊಂಡು ಹೋಗ್ಲೇನು ನಾ?" ಅಂದವನು, ಅವಳ ಮುಖ ನೋಡಿ ತಣ್ಣಗಾದ. ಯಾರೂ ಕೇಳದಿದ್ದರೂ ಮಗಳ ತಲೆ ಮೇಲೆ ಕೈಯಿಟ್ಟು, "ಆತು. ಬಿಡಂಗಿಲ್ಲ" ಅಂದ.

ಸ್ವಲ್ಪ ಮುಂದೆ ಕಾಲುವೆಯ ಸೇತುವೆ ಹತ್ತಿರ ಗಾಡಿ ನಿಂತಿತು. ಟೈರು ನೋಡ್ತೀನಿ ಅಂತ ಅವನು ಇಳಿದ. ಕೂಸು ಹೊಟ್ಟೆ ನೋವು ಅನ್ನುತ್ತಿತ್ತು. ಪಂಪಾವತಿ ಅಂಗೈಯಲ್ಲಿ ಹರಳೆಣ್ಣೆ ಬಿಸಿ ಮಾಡಿಕೊಂಡು ಹೊಕ್ಕುಳ ಸುತ್ತ ಮೆಲ್ಲಗೆ ತೀಡುತ್ತಿದ್ದಳು. ಹೊರಗೆ ಎಮ್ಮೆಗಳ ಗಂಟೆ ಕೇಳಿಸಿತು. ಅವನು ಜಲ್ದಿ ಬಂದು, ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡು ಗಾಡಿ ಎಬ್ಬಿಸಿದ. ವಾಸನೆ ಕಡಿಮೆಯಾದ ಹಾಗೆ ಅನ್ನಿಸಿತು. ಫಿನಾಯಿಲಿನ ಪುಣ್ಯ ಅಂದುಕೊಂಡಳು.

ಕಂಪ್ಲಿ ಬಜಾರಿನಲ್ಲಿ ಅವ್ವನಿಗೆ ಬಳೆ, ಹೂವು, ಬಾಳೆಹಣ್ಣು ಕೊಳ್ಳುವಷ್ಟರಲ್ಲಿ ಎರಡು ತಾಸು ಹೋದವು.

ಮೆಟ್ರಿಯ ಓಣಿಗೆ ಮನೆಗಾಡಿ ತಿರುಗಿದಾಗ ಅರ್ಧ ಊರೇ ಸೇರಿತು. ತಂದೆ ಹಂಪಯ್ಯ ಎತ್ತು ಕೊಳ್ಳುವವರ ಹಾಗೆ ಗಾಡಿಯ ಸುತ್ತ ನಡೆದು ಪಕ್ಕೆ ಬಡಿದು ನೋಡಿದ. ಎರ್ರೆಮ್ಮ ಚೊಂಬು ಹಿಡಿದು ಬಂದು ಅಳಿಯನ ಕಾಲಿಗೆ ನೀರು ಕೊಟ್ಟಳು, ಜಗಲಿಗೆ ಕಂಬಳಿ ಹಾಸಿದಳು. ತಾಟಿನಲ್ಲಿ ಬೆಲ್ಲ, ಪಕ್ಕದಲ್ಲಿ ಹಿತ್ತಾಳೆ ಲೋಟಗಳಲ್ಲಿ ನೀರು.

"ಕುಂದ್ರಿ ಅಳಿಯಪ್ಪ, ಬಿಸಿಲಾಗ ಬಂದೀರಿ."

ಮಾಲತೇಶ್ ಬೆಲ್ಲ ಬಾಯಿಗೆ ಹಾಕಿಕೊಂಡ. ಲೋಟ ಎತ್ತಿಕೊಂಡು, ಹಾಗೇ ಇಳಿಸಿ ಕಾಲ ಹತ್ತಿರ ಇಟ್ಟ. ಯಾರ ಮನೆಗೆ ಹೋದರೂ ಕೂರುವ ಮುಂಚೆ ಎರಡು ಲೋಟ ಖಾಲಿ ಮಾಡುವ ಮನುಷ್ಯ ಅವನು. ಪಂಪಾವತಿ ನೋಡಿದಳು, ಆದರೆ ಮನಸ್ಸಿಗೆ ತಂದುಕೊಳ್ಳಲಿಲ್ಲ. ಎರ್ರೆಮ್ಮ ತನ್ನ ಲೋಟವನ್ನು ಗಟಗಟ ಕುಡಿದು ಬಾಯಿ ಒರೆಸಿಕೊಂಡಳು. ಆಮೇಲೆ ಮೊಮ್ಮಗಳನ್ನು ತೊಡೆಗೆಳೆದು ಇನ್ನೊಂದು ಲೋಟ ಅದರ ತುಟಿಗೆ ಹಿಡಿದಳು.

"ಆಕಿಗಿ ಬ್ಯಾಡ್ರಿ" ಅಂದ ಮಾಲತೇಶ್, ಅರ್ಧ ಎದ್ದು. "ಗಾಡ್ಯಾಗ ಬಾಟ್ಲಿ ನೀರೈತಿ."

ಜಗಲಿ ಮೇಲೆ ಪಂಪಾವತಿಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಟೈರು, ಎಮ್ಮೆಯ ಗಂಟೆ, ಒದ್ದೆ ಕೈ, ಕಡಿಮೆಯಾದ ವಾಸನೆ. ಕೂಸು ಕುಡಿಯುವ ಮುಂಚೆಯೇ ಅವಳು ಅದರ ತುಟಿಯಿಂದ ಲೋಟ ತೆಗೆದುಕೊಂಡಳು.

"ಅವ್ವ, ಈ ನೀರು ಯಾವಾಗ ತಂದಿ?"

"ಈಗ ತಂದೀನವ್ವ. ನೀವು ಬರೋ ಹೊತ್ತಿಗಿ ತಾಜಾ ಇರ್ಲಿ ಅಂತ."

ಪಂಪಾವತಿ ಆ ಲೋಟವನ್ನು ಗಂಡನ ಮುಂದೆ ಹಿಡಿದಳು. ಕುಡೀರಿ ಅಂದಳು. ಬಾಯಾರಿಲ್ಲ ಅಂದ. ಒಂದೇ ಗುಟುಕು ಅಂದಳು. ಅವನು ಸುತ್ತ ನಿಂತ ಮಂದಿಯನ್ನು ನೋಡಿದ, ನೆಲ ನೋಡಿದ.

"ಅರ್ಧ ಅಷ್ಟ ಬಿಟ್ಟೀನಿ. ಯಾರೋ ಎಮ್ಮಿ ಹೊಡಕೊಂಡು ಬಂದ್ರು, ಬಂದ್ ಮಾಡಿದೆ."

ಸುಳ್ಳಿಗಿಂತ ಆ 'ಅಷ್ಟ' ಅವಳಿಗೆ ಹೆಚ್ಚು ಹೇಸಿಗೆ ಅನ್ನಿಸಿತು. ಕೂಸಿನ ತಲೆ ಮೇಲಿಟ್ಟ ಕೈಯಲ್ಲೇ ವಾಲ್ವು ಎಳೆದಿದ್ದ.

"ಕೂಸಿಗಿ ಬ್ಯಾಡ ಅಂದ್ರಿ" ಅಂದಳು, ದನಿ ಏರಿಸದೆ. "ಅವ್ವ ಕುಡಿಯಾಕ ಹತ್ತಿದಾಗ ಯಾಕ ಬ್ಯಾಡ ಅನ್ಲಿಲ್ಲ?"

ಅವನು ಕಾಲ ಹತ್ತಿರದ ಲೋಟವನ್ನು ಇನ್ನಷ್ಟು ಆಚೆ ಸರಿಸಿದ. ಏನು ಅರ್ಧ, ಏನು ಬಿಟ್ಟಿದ್ದು ಅಂತ ಎರ್ರೆಮ್ಮ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಮಗಳೇ ಹೇಳಬೇಕಾಯಿತು. ಸುತ್ತಿ ಬಳಸದೆ, ಇದ್ದ ಹೆಸರಲ್ಲೇ ಹೇಳಿದಳು. ಎರ್ರೆಮ್ಮ ಎದ್ದು ಹಿತ್ತಲಿಗೆ ಹೋದಳು. ಗಂಟಲಿಗೆ ಬೆರಳು ಹಾಕಿಕೊಂಡ ಸದ್ದು ಜಗಲಿಯವರೆಗೂ ಬಂತು, ಮತ್ತೆ ಮತ್ತೆ ಬಂತು.

ಪಂಪಾವತಿ ಓಣಿಯವರಿಗೆಲ್ಲ ತಿಳಿಸಲು ತಂದೆಯನ್ನು ಕಳಿಸಿದಳು. ಇವತ್ತು ಕಾಲುವೆ ನೀರು ಯಾರೂ ಮುಟ್ಟಬಾರದು, ಕೆಳಗಿನ ಊರಿಗೂ ಫೋನು ಮಾಡಿ ಅಂತ. ಕಾರಣ ಕೇಳಿದರೆ ನಮ್ಮ ಅಳಿಯ ಅಂತಲೇ ಹೇಳು ಅಂದಳು. ಒಳಗಿದ್ದ ಮೂರು ಕೊಡಗಳನ್ನೂ ತಂದು ಅಂಗಳಕ್ಕೆ ಬೋರಲು ಹಾಕಿದಳು, ಕರಿಬೇವಿನ ಗಿಡಕ್ಕೂ ಆ ನೀರು ತಾಗದ ಹಾಗೆ.

ಮಾಲತೇಶ್ ಬೀಗದಕೈ ಹುಡುಕುತ್ತಿದ್ದ. ಸೋಮವಾರ, ಸಾಹುಕಾರ ಅಂತ ಏನೋ ಗೊಣಗುತ್ತಿದ್ದ. ಹಿತ್ತಲಿಂದ ಬಂದ ಎರ್ರೆಮ್ಮನ ಕಣ್ಣು ಕೆಂಪಾಗಿದ್ದವು, ಆದರೂ ರೂಢಿಯ ಮಾತು ಬಾಯಿ ಬಿಟ್ಟು ಹೋಗಿರಲಿಲ್ಲ. "ಉಂಡು ಹೋಗ್ಲಿ" ಅಂದಳು.

"ಮೊದ್ಲ ಗುಂಡಿ ತೋಡ್ಲಿ" ಅಂದಳು ಪಂಪಾವತಿ.

ಆ ಮನೆಯಲ್ಲಿ ಅಳಿಯ ಉಂಡ ತಾಟು ತಾನೇ ಎತ್ತಿದರೂ ಅತ್ತೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಅಳಿಯನ ಕೈಗೆ ಸನಿಕೆ ಯಾರಾದರೂ ಕೊಡುತ್ತಾರೇನು ಅಂತ ಅವಳು ಸಣ್ಣಗೆ ಅನ್ನುವಾಗಲೇ, ಮಗಳು ಮೂಲೆಯಲ್ಲಿದ್ದ ಸನಿಕೆ ತಂದು ಅವನ ಕೈಗೆ ಕೊಟ್ಟಾಗಿತ್ತು.

ಮನೆಯ ಹಿಂದಿನ ಹೊಲದ ಬದುವಿನಲ್ಲಿ, ಕಾಲುವೆಗೂ ಬಾವಿಗೂ ದೂರ, ಅವನು ತೋಡಿದ. ಅಂಗಿ ಬೆವರಿಗೆ ಅಂಟಿತು. ಓಣಿಯ ಮಂದಿ ಬದುವಿನ ಮೇಲೆ ಸಾಲಾಗಿ ಕೂತು ನೋಡಿದರು. ಮುದುಕ ಓಬಳಪ್ಪ, "ಎರ್ರೆಮ್ಮನ ಅಳಿಯ ಬಂಗಾರ ಹುಗದಿಟ್ಟು ಹೊಂಟಾನ ನೋಡ್ರಲೇ" ಅಂದ. ಯಾರೂ ನಗು ತಡೆದುಕೊಳ್ಳಲಿಲ್ಲ. ಡ್ರಮ್ಮಿಗೆ ಪೈಪು ಹಾಕಿ ಉಳಿದರ್ಧ ಬಿಟ್ಟಾಗ ಮಾತ್ರ ನಗುತ್ತಿದ್ದವರೂ ಎದ್ದು ಓಡಿದರು.

ಆ ಹೊತ್ತಿಗೆ ಭಾಗ್ಯ ಅವ್ವನ ಸೆರಗು ಜಗ್ಗಿದಳು. ಬೇಲಿಯ ಮರೆಗೆ ಕರೆದುಕೊಂಡು ಹೋಗಿ ಪಂಪಾವತಿ ಅವಳನ್ನು ಕುಕ್ಕರಗಾಲಲ್ಲಿ ಕೂರಿಸಿದಳು. ಪುಟ್ಟ ಪಾದಗಳು ನೆಲಕ್ಕೆ ಊರಿದವು. ಕೂಸು ಅವ್ವನ ಎರಡು ಬೆರಳು ಹಿಡಿದು ಮುಖ ಕೆಂಪು ಮಾಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಕೊನೆಗೆ ನಿಟ್ಟುಸಿರು ಬಿಟ್ಟಿತು. ಪಂಪಾವತಿ ಬಾಟ್ಲಿ ನೀರಿನಿಂದ ತೊಳೆದಳು, ಅದನ್ನು ಬೂದಿ ಹಾಕಿ ಕಸ ಎತ್ತುವ ಹಳೇ ಮೊರದಲ್ಲಿ ತಂದು ಅದೇ ಗುಂಡಿಗೆ ಹಾಕಿದಳು. ಗಂಡನಿಗೆ ಮಣ್ಣು ಮುಚ್ಚಿ ಅಂದಳು. ಅವತ್ತು ಅವಳು ಅವನಿಗೆ ಹೇಳಿದ ಕೊನೇ ಮಾತು ಅದೇ.

ಉಣ್ಣಲು ಅವನು ನಿಲ್ಲಲಿಲ್ಲ. ಗಾಡಿ ಹತ್ತಿ, ಬರ್ತೀರೇನು ಅನ್ನುವ ಹಾಗೆ ಕಿಟಕಿಯಿಂದ ನೋಡಿದ. ಪಂಪಾವತಿ ಕೂಸಿನ ಕೂದಲಿಗೆ ಎಣ್ಣೆ ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ಮನೆಗಾಡಿ ಓಣಿ ತಿರುಗಿ ಹೋಯಿತು.

ಸಂಜೆಗೆ ತಾಯಿ ಮಗಳು ತಿಕ್ಕಿ ತೊಳೆದ ಕೊಡ ಹಿಡಿದು ಮಷಿನ್ನಿನ ಕಡೆ ನಡೆದರು. ದಾರಿಯಲ್ಲಿ ಕಾಲುವೆ ಮೆಟ್ಟಿಲು ಬಂತು. ಎರ್ರೆಮ್ಮ ಆ ಕಡೆ ತಿರುಗಲಿಲ್ಲ. ನಲ್ಲಿ ಕೆಳಗೆ ಬೊಗಸೆ ಹಿಡಿದು ಒಂದು ಗುಟುಕು ಬಾಯಿಗೆ ಹಾಕಿಕೊಂಡಳು, ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು.

"ಸಪ್ಪಗೈತಿ" ಅಂದಳು, ನುಂಗಿದ ಮೇಲೆ. ಮತ್ತೆ ಬೊಗಸೆ ಒಡ್ಡಿದಳು.