ಕರಣೆ ಚೀಲ ಹೆಗಲಲ್ಲೇ ಇತ್ತು

ಲಾಂಡ್ರಿ ವ್ಯಾನಿನ ಡ್ರೈವರ್‌ಗೆ ಜೊತೆಯವರು ಇಟ್ಟ ಹೆಸರು ಗಡಿಯಾರ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಲಾಡ್ಜುಗಳಿಗೆ ಒಗೆದ ಬಟ್ಟೆ ತಡವಾಗಿ ಮುಟ್ಟಿಸಿದವನಲ್ಲ. ಅದು ಅವನ ಹೆಮ್ಮೆ. ಆ ಬೆಳಿಗ್ಗೆ ಆ ಹೆಮ್ಮೆಯೇ ಅವನ ಕುತ್ತಿಗೆಗೆ ಬರುವುದರಲ್ಲಿತ್ತು.

ತಿರುವಿನಲ್ಲಿ ವ್ಯಾನಿನ ಮೂಲೆ ತಗುಲಿ, ಗಾರೆ ಬಳಿಯುವ ಕರಣೆಯ ಚೀಲ ಹೆಗಲಿಗೇರಿಸಿದ್ದ ಗಾರೆ ಕೆಲಸದವನೊಬ್ಬ ಸೈಕಲ್ ಸಮೇತ ಉರುಳಿದ. ಗಡಿಯಾರ ಬ್ರೇಕ್ ಒತ್ತಿದ. ಆದರೆ ಅವನು ಇಳಿಯುವಷ್ಟರಲ್ಲಿ ಗಾರೆಯವನು ಎದ್ದು ಪ್ಯಾಂಟು ಕೊಡವಿಕೊಳ್ಳುತ್ತಿದ್ದ.

“ಏನೂ ಆಗಿಲ್ಲಪ್ಪ. ನೀನು ಹೊರಡು.”

ಹೋದ ಜೀವ ಬಂದಂತಾಯಿತು. ಗಡಿಯಾರ ಹಿಂಬಾಗಿಲು ತೆರೆದು ಬಟ್ಟೆಗಂಟುಗಳು ನೆಟ್ಟಗಿವೆಯೇ ಎಂದು ನೋಡಿದ. ಆಮೇಲೆ ಟೈಮು ನೋಡಿದ.

“ಅತ್ತಿಗೆ, ಹತ್ತಿ. ಆಗ್ಲೇ ಐದು ನಿಮಿಷ ಹೋಯ್ತು.”

ಅವನ ಅತ್ತಿಗೆಯೂ ಅದೇ ಲಾಂಡ್ರಿಯ ಡ್ರೈವರ್. ಅವಳ ವ್ಯಾನು ರಿಪೇರಿಗೆ ಹೋಗಿದ್ದರಿಂದ ಇವನ ಪಕ್ಕ ಕೂತು ಬಂದಿದ್ದಳು; ಡಿಕ್ಕಿಯಾದೊಡನೆ ಅವಳೂ ಇಳಿದಿದ್ದಳು. ಅವಳು ಹತ್ತಲಿಲ್ಲ. ಎಂಜಿನ್ ನಿಲ್ಲಿಸಿ, ಇಂಡಿಕೇಟರ್ ನಾಲ್ಕೂ ಹಾಕಿ, ಎಚ್ಚರಿಕೆಯ ಕೆಂಪು ತ್ರಿಕೋನ ಫಲಕವನ್ನು ಹಿಂದೆ ದೂರದಲ್ಲಿಟ್ಟು ಬಂದಳು.

“ಅವ್ರೇ ಹೊರಡು ಅಂತಿದ್ದಾರಲ್ಲ” ಎಂದ ಗಡಿಯಾರ.

“ಬಿದ್ದವರು ಹಾಗೇ ಅಂತಾರೆ. ಒಳಗೇನಾಗಿದೆಯೋ ಅವರಿಗೇನು ಗೊತ್ತು?” ಅವಳು ಗಾರೆಯವನನ್ನು ರಸ್ತೆಯಂಚಿಗೆ ಕೂರಿಸಿದಳು. “ಅಲ್ಲಾಡ್ಬೇಡಿ ಅಣ್ಣ.”

“ನನ್ನ ಕರಣೆ ಚೀಲ ಎಲ್ಲಮ್ಮ?”

“ನಿಮ್ಮ ಹೆಗಲಲ್ಲೇ ಇದೆ.”

ಅವನು ಮುಟ್ಟಿ ನೋಡಿ ನಕ್ಕ. ಒಂದು ನಿಮಿಷ ಕಳೆದಿರಲಿಲ್ಲ. “ನನ್ನ ಕರಣೆ ಚೀಲ ಎಲ್ಲಿ?” ಮೂರನೆಯ ಸಲ ಕೇಳಿದಾಗ ಗಡಿಯಾರ ಟೈಮು ನೋಡುವುದನ್ನು ಬಿಟ್ಟ.

ಅತ್ತಿಗೆ ಆಗಲೇ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದಳು. ಆಮೇಲೆ ಪೊಲೀಸರಿಗೆ, ಆಮೇಲೆ ಆಫೀಸಿಗೆ. ಎಲ್ಲಿ, ಯಾರಿಗೆ, ಏನಾಯಿತು ಎಂದಷ್ಟೇ ಹೇಳಿದಳು. ಲಾಡ್ಜಿನ ಬೆಡ್‌ಶೀಟು ಬಿಚ್ಚಿ ಗಾರೆಯವನಿಗೆ ಹೊದಿಸಿದಳು. ನೀರು ತಂದವರಿಗೆ “ಡಾಕ್ಟರ್ ನೋಡೋವರೆಗೂ ಬೇಡ” ಎಂದಳು. ಸೈಕಲ್, ವ್ಯಾನು, ತಿರುವು, ಎಲ್ಲದರ ಫೋಟೋ ತೆಗೆದು, ಕಣ್ಣಾರೆ ಕಂಡ ಹೂವಿನವಳ ನಂಬರು ಬರೆದುಕೊಂಡಳು. ತಪ್ಪು ಯಾರದೆಂದು ಜನ ಜಗಳ ತೆಗೆದರೂ ಅವಳು ಅದಕ್ಕೆ ಸೇರದೆ ಗಾರೆಯವನ ಪಕ್ಕದಲ್ಲೇ ಕೂತಳು. ಗಡಿಯಾರ ಬೆರಗಾಗಿ ನೋಡುತ್ತಿದ್ದ. ಮನೆಯಲ್ಲಿ ಜಿರಳೆ ಕಂಡರೆ ಮಂಚ ಹತ್ತುವ ಅತ್ತಿಗೆ ಇವಳೇನಾ?

“ತಲೆಯೊಳಗೆ ರಕ್ತ ಸೋರ್ತಿತ್ತು. ಮನೆಗೆ ಹೋಗಿ ಮಲಗಿದ್ರೆ ಏಳ್ತಿರ್ಲಿಲ್ಲ” ಎಂದರು ಆಸ್ಪತ್ರೆಯಲ್ಲಿ ಡಾಕ್ಟರ್. ಗಡಿಯಾರನಿಗೆ ರಸ್ತೆಯಲ್ಲಿ ಕಂಡದ್ದು ನೆನಪಾಯಿತು. ನಿಂತು, ನಕ್ಕು, ಮಾತಾಡಿದ ಮನುಷ್ಯ. ಸಾವನ್ನು ಒಳಗಿಟ್ಟುಕೊಂಡೇ ‘ನೀನು ಹೊರಡು’ ಅಂದಿದ್ದ. ವ್ಯಾನು ಓಡಿಸಿದ್ದು ನಾನೇ ಎಂದು ಗಡಿಯಾರ ಪೊಲೀಸರಿಗೆ ಇದ್ದದ್ದು ಇದ್ದಹಾಗೆ ಹೇಳಿದ.

ಮನೆಯಲ್ಲಿ ಅವನ ಅಮ್ಮ ಸಿಡುಕಿದಳು. “ಪೊಲೀಸರನ್ನ ನೀವೇ ಕರೆಯೋದಾ? ಸುಮ್ನೆ ಬರೋಕಾಗ್ತಿರ್ಲಿಲ್ವಾ?”

“ಬಂದಿದ್ರೆ ಅವ್ರು ಇರ್ತಿರ್ಲಿಲ್ಲಮ್ಮ” ಎಂದ ಅವನು. ಅಮ್ಮ ಒಲೆಯತ್ತ ನಡೆದಳು. ಅಲ್ಲಿಂದಲೇ, “ಆಸ್ಪತ್ರೇಲಿ ಅವ್ರಿಗೆ ಊಟಕ್ಕೇನು ಮಾಡಿದ್ದಾರೆ?” ಎಂದು ಕೇಳಿದಳು.

ಆರು ವಾರದ ಮೇಲೆ ಗಾರೆಯವನು ಲಾಂಡ್ರಿಯ ಗೇಟಿಗೆ ಬಂದ.

“ನನ್ನ ಕರಣೆ ಚೀಲ ಎಲ್ಲಪ್ಪ?”

ಗಡಿಯಾರ ಬೆಚ್ಚಿಬಿದ್ದ. ಗಾರೆಯವನು ನಗುತ್ತಾ ಹೆಗಲು ತಟ್ಟಿಕೊಂಡ. ಚೀಲ ಅಲ್ಲೇ ಇತ್ತು.

ವ್ಯಾನು, ಲಾರಿ, ಆಟೋ ಓಡಿಸುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಡಿಕ್ಕಿಯಾದರೆ ನಿಲ್ಲಿಸಿ. ಸರಕಿಗಿಂತ ಮೊದಲು ಮನುಷ್ಯರನ್ನು ನೋಡಿ, ಆಂಬುಲೆನ್ಸ್ ಕರೆಯಿರಿ, ಪೊಲೀಸರಿಗೂ ಮಾಲೀಕರಿಗೂ ತಿಳಿಸಿ. ಬಿದ್ದವರು ‘ಏನೂ ಆಗಿಲ್ಲ’ ಅಂದರೂ ಡಾಕ್ಟರ್ ನೋಡುವವರೆಗೆ ಬಿಡಬೇಡಿ. ಗಡಿಯಾರ ಆ ದಿನ ಮೂರು ಗಂಟೆ ತಡವಾಗಿ ತಲುಪಿದ. ಲಾಡ್ಜಿನವರು ಕಾದರು.